ಅಜ್ಜಿಗೆ ಯಾವ ಹಾಡು ಹಾಕಬೇಕು? ಮನೆಯಲ್ಲೇ ಮಾಡಬಹುದಾದ ಸಂಗೀತ ಚಿಕಿತ್ಸೆ

ಬಿಪಿಗೆ ಈ ರಾಗ, ಶುಗರಿಗೆ ಆ ರಾಗ ಅಂತ ಉದ್ದದ ಪಟ್ಟಿ ಇರುವ ಮೆಸೇಜು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ, ಅಲ್ವಾ? ಅದನ್ನು ಬದಿಗಿಡಿ ಮಾರಾಯ್ರೆ. ಒಂದು ರೋಗಕ್ಕೆ ಒಂದು ರಾಗ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ನೀಲಾಂಬರಿ ರಾಗ ಕೇಳಿ ನಿದ್ದೆ ಬಂದರೆ ಸಂತೋಷ, ಬಿಪಿ ಮಾತ್ರೆ ಮಾತ್ರ ತಪ್ಪಿಸಬೇಡಿ.

ಹಾಗಂತ ಸಂಗೀತದಿಂದ ಏನೂ ಆಗುವುದಿಲ್ಲ ಅಂತಲ್ಲ. ಫಿನ್ಲೆಂಡಿನಲ್ಲಿ ಸ್ಟ್ರೋಕ್ ಆದವರಿಗೆ ಎರಡು ತಿಂಗಳು, ದಿನಕ್ಕೆ ಒಂದು ಗಂಟೆಯಾದರೂ ಹಾಡು ಕೇಳಿಸಿ ನೋಡಿದ್ದರು. 2008ರಲ್ಲಿ ಅದರ ಫಲಿತಾಂಶ ಬಂತು. ಹಾಡು ಕೇಳಿದವರ ನೆನಪು, ಗಮನ ಎರಡೂ ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿತ್ತು. ಮುಖ್ಯ ವಿಷಯ ಏನೆಂದರೆ, ಅವರು ಕೇಳಿದ್ದು ತಮಗೆ ಬೇಕಾದ ಹಾಡನ್ನೇ.

ಹಾಗಾಗಿ ಮೊದಲ ಕೆಲಸ ಹಾಡು ಹುಡುಕುವುದು. ಇದಕ್ಕೆ ಸ್ವಲ್ಪ ಸಮಯ ಕೊಡಿ. ಮರೆವಿನ ಕಾಯಿಲೆ ಇರುವವರಿಗೂ ಹದಿನೈದರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ಕೇಳಿದ್ದು ಜಾಸ್ತಿ ಉಳಿದಿರುತ್ತದೆ. ಉದಾಹರಣೆಗೆ ನಮ್ಮ ಕರಾವಳಿಯಲ್ಲಿ ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ಈಗ ಅರುವತ್ತೈದರ ಆಸುಪಾಸಿನಲ್ಲಿರುವವರು ಆಗ ಹರೆಯಕ್ಕೆ ಬಂದವರು, ಅವರಿಗೆ ರೇಡಿಯೋದ ತುಳು ಹಾಡು ಹಾಕಿ ನೋಡಿ. ಅದಕ್ಕಿಂತ ಹಿರಿಯರಾದರೆ ನಾಟಿ ಗದ್ದೆಯ ಓಬೇಲೆ, ಮದುವೆ ಮನೆಯ ಶೋಭಾನೆ, ಇಗರ್ಜಿಯ ಕೊಂಕಣಿ ಹಾಡು, ಭಜನೆ, ಯಾವುದೂ ಆಗಬಹುದು. ರಾತ್ರಿಯಿಡೀ ಯಕ್ಷಗಾನ ಆಟ ನೋಡಿದ ಅಜ್ಜನಿಗೆ ಕಾಳಿಂಗ ನಾವಡರ ಭಾಗವತಿಕೆ ಬೇಕೇ ಬೇಕು. ಮಕ್ಕಳಿಗೆ ಇದೆಲ್ಲ ಗೊತ್ತಿರುವುದಿಲ್ಲ. ಆ ಹಿರಿಯರ ತಂಗಿಯನ್ನೋ ಅತ್ತಿಗೆಯನ್ನೋ ಕೇಳಿ.

ಹಾಡು ಹಾಕಿದ ಮೇಲೆ ಮುಖ ನೋಡುತ್ತಾ ಕೂರಬೇಡಿ, ಕೈ ನೋಡಿ. ಪಾರ್ಕಿನ್ಸನ್ (ಕೈ ನಡುಗುವ, ನಡಿಗೆ ನಿಧಾನವಾಗುವ ನರರೋಗ) ಇದ್ದ ಹಲವರ ಮುಖದಲ್ಲಿ ಭಾವನೆ ಸರಿಯಾಗಿ ಕಾಣಿಸುವುದೇ ಇಲ್ಲ. ಸೆರಗಿನ ತುದಿ ತಿರುಚುತ್ತಿದ್ದ ಕೈ ಸುಮ್ಮನಾಗಿ, ಬೆರಳು ಕುರ್ಚಿಯ ಹಿಡಿಯ ಮೇಲೆ ತಾಳ ಹಾಕತೊಡಗಿದರೆ ಆ ಹಾಡು ಪಟ್ಟಿಯಲ್ಲಿ ಇರಲಿ. ಅಳು ಬಂದರೆ ಗಾಬರಿ ಬೇಡ, ಆದರೆ ಪ್ರತಿ ಸಲ ಅದೇ ಹಾಡಿಗೆ ಕಳವಳ ಶುರುವಾದರೆ ತೆಗೆದುಹಾಕಿ.

ಸಂಜೆ ದೀಪ ಇಡುವ ಹೊತ್ತಿಗೆ "ನನ್ನನ್ನು ಮನೆಗೆ ಕರ್ಕೊಂಡು ಹೋಗಿ" ಅಂತ ಹಟ ಹಿಡಿಯುವ ಹಿರಿಯರಿದ್ದರೆ, ಆ ಹೊತ್ತಿಗಿಂತ ಇಪ್ಪತ್ತು ನಿಮಿಷ ಮೊದಲೇ ಹಾಡು ಶುರು ಮಾಡಿ. ಟೀವಿ ಆಫ್ ಇರಲಿ. ಯೂಟ್ಯೂಬ್ ಬೇಡ, ಭಜನೆಯ ನಡುವೆ ಜಾಹೀರಾತು ಕಿರುಚಿದರೆ ಅಷ್ಟು ಹೊತ್ತು ಮಾಡಿದ್ದೆಲ್ಲ ನೀರುಪಾಲು. ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ. ಪಕ್ಕದಲ್ಲಿ ಕೂತು ಮಾತಾಡಿದರೆ ಮಾತು ಕೇಳಿಸುವಷ್ಟೇ ವಾಲ್ಯೂಮ್ ಸಾಕು. ಚೆಂಡೆ ಏನಿದ್ದರೂ ಹಗಲಿಗೆ.

ಪಾರ್ಕಿನ್ಸನ್‌ನಿಂದ ನಡೆಯುವಾಗ ಕಾಲು ಎಳೆಯುವವರಿಗೆ ಹಾಡಿಗಿಂತ ತಾಳ ಮುಖ್ಯ. ಅವರು ಒಂದು ನಿಮಿಷಕ್ಕೆ ಎಷ್ಟು ಹೆಜ್ಜೆ ಇಡುತ್ತಾರೆ ಎಣಿಸಿ. 80 ಅಂತಿಟ್ಟುಕೊಳ್ಳಿ. ಒಂದೇ ವೇಗದಲ್ಲಿ ಟಕ್ ಟಕ್ ಅಂತ ತಾಳ ಹಾಕುವ ಫೋನಿನ ಮೆಟ್ರೊನೋಮ್ ಆ್ಯಪನ್ನು 80ಕ್ಕೇ ಇಟ್ಟು ಚಾವಡಿಯಲ್ಲಿ ನಡೆಸಿ, ಪೂರ್ತಿ ಹೊಂದಿಕೊಂಡ ಮೇಲೆ 84ಕ್ಕೆ ಏರಿಸಿ. ಒಬ್ಬರು ಪಕ್ಕದಲ್ಲೇ ಇರಬೇಕು. ಶುರು ಮಾಡುವ ಮುಂಚೆ ಫಿಸಿಯೋಥೆರಪಿಸ್ಟ್ ಹತ್ತಿರ ಒಂದು ಮಾತು ಕೇಳಿ. ಮಳೆಗಾಲದಲ್ಲಿ ಅಂಗಳಕ್ಕೆ ಇಳಿಸಲೇಬೇಡಿ, ಪಾಚಿ ಜಾರುತ್ತದೆ.

ಇನ್ನು ಸ್ಟ್ರೋಕ್ ಆಗಿ ಮಾತು ನಿಂತವರು. ಇವರಲ್ಲಿ ಕೆಲವರಿಗೆ "ನೀರು" ಅನ್ನಲು ಬರುವುದಿಲ್ಲ, ಆದರೆ ಇಡೀ ಭಜನೆ ಹಾಡುತ್ತಾರೆ! ಮಾತಿನ ಕೆಲಸ ಹೆಚ್ಚಾಗಿ ಎಡ ಮೆದುಳಿನದ್ದು. ಹಾಡಿಗೆ ಬಲಭಾಗವೂ ಚೆನ್ನಾಗಿ ಕೆಲಸ ಮಾಡುತ್ತದೆ. ಇದನ್ನೇ ಹಿಡಿದು 1973ರಲ್ಲಿ ಅಮೆರಿಕದ ತಜ್ಞರು ಒಂದು ವಿಧಾನ ಮಾಡಿದರು. ಎದುರು ಕೂತು, ಅವರ ಎಡಗೈ ಹಿಡಿದು, ಅಕ್ಷರಕ್ಕೊಂದು ತಟ್ಟು ತಟ್ಟುತ್ತಾ, ಎರಡೇ ಸ್ವರದಲ್ಲಿ ನಿಧಾನವಾಗಿ "ನೀ-ರು-ಬೇ-ಕು" ಅಂತ ಹಾಡಬೇಕು, ಅವರಿಂದಲೂ ಹಾಡಿಸಬೇಕು. ಮೊದಲ ಸಲ ಸ್ಪೀಚ್ ಥೆರಪಿಸ್ಟ್ ಹತ್ತಿರ ಕಲಿತುಕೊಳ್ಳಿ. ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತಾರೆ. ಮನೆಯಲ್ಲಿ ದಿನಾ ಬೇಕಾಗುವ ಎರಡು ಮೂರು ಮಾತನ್ನೇ ಹಾಡಿಸಿ. ದಣಿದಂತೆ ಕಂಡರೆ ಅವತ್ತಿಗೆ ಅಲ್ಲಿಗೇ ಬಿಡಿ.