ಗಾಣದ ಎಣ್ಣೆಗೆ ಜಾಹೀರಾತು ಕೊಟ್ಟೆ, ಮಷಿನ್ ಕೇಳಿ ಫೋನ್ ಬಂತು

"ಅಕ್ಕಾ, ಗಾಣದ ಮಷಿನ್‌ಗೆ ಎಷ್ಟಾಗುತ್ತೆ?"

ಗೂಗಲ್ ಜಾಹೀರಾತು ಶುರು ಮಾಡಿದ ಮೊದಲ ವಾರ ಬಂದ ಫೋನುಗಳಲ್ಲಿ ಹೆಚ್ಚಿನವು ಇಂಥವೇ. ತುಮಕೂರಿನ ಶಿರಾ ಗೇಟ್ ಹತ್ತಿರ ನಮ್ಮದು ಮರದ ಗಾಣ. ನಾವು ಮಾರೋದು ಎಣ್ಣೆ, ಮಷಿನ್ ಅಲ್ಲ. ಜಾಹೀರಾತಿಗೆ ದಿನಕ್ಕೆ 200 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಕ್ಯಾನ್ ಹಿಡಿದು ಬರುವವರು ಮಾತ್ರ ಅದೇ ಹಳೇ ಗಿರಾಕಿಗಳು.

ಅಪ್ಪ ತಿಪಟೂರಿಗೆ ಹೋಗಿ ಒಂದೊಂದೇ ಒಡೆದು ನೋಡಿ ಕೊಬ್ಬರಿ ತರುತ್ತಾರೆ. ಒಂದು ಲೀಟರ್ ಎಣ್ಣೆಗೆ ಒಂದೂವರೆ ಕೆಜಿಗಿಂತ ಜಾಸ್ತಿ ಕೊಬ್ಬರಿ ಬೇಕು. ಅದರಲ್ಲಿ ಉಳಿಯುವ ನಾಲ್ಕು ಕಾಸು ಸುಮ್ನೆ ಕ್ಲಿಕ್ಕಿಗೆ ಹೋದರೆ ಹೊಟ್ಟೆ ಉರಿಯುತ್ತೆ ಅಲ್ವಾ?

ಒಂದು ರಾತ್ರಿ ಅಂಗಡಿ ಬಾಗಿಲು ಹಾಕಿ ಸರ್ಚ್ ಟರ್ಮ್ಸ್ ರಿಪೋರ್ಟ್ ತೆಗೆದೆ. ಜನ ಏನು ಹುಡುಕಿದಾಗ ನಮ್ಮ ಜಾಹೀರಾತು ಬಂತು ಅನ್ನೋದು ಅಲ್ಲಿ ಕಾಣುತ್ತೆ. "ಗಾಣ ಮಷಿನ್ ಬೆಲೆ", "ಎಣ್ಣೆ ಮಿಲ್ ಸಬ್ಸಿಡಿ", "ಮನೆಯಲ್ಲೇ ಕೊಬ್ಬರಿ ಎಣ್ಣೆ ಮಾಡೋದು ಹೇಗೆ". ನಾನು ಕೊಟ್ಟಿದ್ದು "ಗಾಣದ ಎಣ್ಣೆ" ಅಂತ ಬ್ರಾಡ್ ಮ್ಯಾಚ್. ಅದಕ್ಕೆ ಸಂಬಂಧ ಇದೆ ಅಂತ ಗೂಗಲ್‌ಗೆ ಅನ್ನಿಸಿದ ಹುಡುಕಾಟಕ್ಕೆಲ್ಲ ಜಾಹೀರಾತು ಹೋಗಿತ್ತು.

ಅವತ್ತೇ ಫ್ರೇಸ್ ಮ್ಯಾಚ್‌ಗೆ ಬದಲಾಯಿಸಿದೆ, ಅಂದರೆ ಹುಡುಕಾಟದಲ್ಲಿ ನಾನು ಕೊಟ್ಟ ಮಾತಿನ ಅರ್ಥ ಇದ್ದರೆ ಮಾತ್ರ ಜಾಹೀರಾತು ಕಾಣುವ ಹಾಗೆ. ಮಷಿನ್, ಸಬ್ಸಿಡಿ, ತರಬೇತಿ, ಇವನ್ನೆಲ್ಲ ನೆಗೆಟಿವ್ ಕೀವರ್ಡ್‌ಗೆ, ಅಂದರೆ ಜಾಹೀರಾತು ತೋರಿಸಬಾರದ ಪದಗಳ ಪಟ್ಟಿಗೆ ಹಾಕಿದೆ. ಇಲ್ಲೊಂದು ವಿಷಯ ಗಮನಿಸಿ. "ಮಷಿನ್" ತಡೆದರೆ "ಯಂತ್ರ" ತಾನಾಗಿ ನಿಲ್ಲೋದಿಲ್ಲ. ಒಂದೇ ಅರ್ಥದ ಪದಗಳನ್ನೂ ಸೇರಿಸಬೇಕು, ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ. ನನಗೆ ಇದು ತಿಳಿಯೋ ಹೊತ್ತಿಗೆ ಇನ್ನೊಂದು ವಾರದ ದುಡ್ಡು ಹೋಗಿತ್ತು.

ಲೊಕೇಶನ್ನಲ್ಲೂ ಹಾಗೇ. ತುಮಕೂರು ಅಂತ ಆರಿಸಿದ್ದೆ, ಫೋನು ದಾವಣಗೆರೆಯಿಂದಲೂ ಬರೋದು. ಊರಲ್ಲಿ ಇರುವವರ ಜೊತೆಗೆ ಊರಿನ ಬಗ್ಗೆ ಆಸಕ್ತಿ ತೋರಿಸಿದವರಿಗೂ ಕಾಣುವ ಹಾಗೆ ಸೆಟ್ಟಿಂಗ್ ಮೊದಲೇ ಇರುತ್ತೆ. ಅದನ್ನು ಪ್ರೆಸೆನ್ಸ್, ಅಂದರೆ ಊರಲ್ಲಿ ಇರುವವರಿಗೆ ಮಾತ್ರ, ಅಂತ ಮಾಡಿಕೊಳ್ಳಿ. ಅಂಗಡಿ ತೆಗೆದಿರುವ ಹೊತ್ತಿಗಷ್ಟೇ ಜಾಹೀರಾತು ಓಡಲಿ.

ಆಮೇಲೆ ಮಾತು ಬದಲಾಯಿಸಿದೆ. ಮೊದಲು "ಶುದ್ಧ, ಆರೋಗ್ಯಕರ" ಅಂತ ಬರೆದಿದ್ದೆ. ಹಾಗೆ ಬರೆಯದ ಎಣ್ಣೆ ಅಂಗಡಿ ಎಲ್ಲಿದೆ? ಗಲ್ಲಾದ ಮುಂದೆ ನಿಂತವರು ಕೇಳೋದೇ ಬೇರೆ. ಡಿಸೆಂಬರ್ ಬಂತು ಅಂದರೆ, "ಎಣ್ಣೆ ಗಟ್ಟಿಯಾಗಿದೆಯಲ್ಲ, ಏನಾದ್ರೂ ಬೆರೆಸಿದ್ದೀರಾಮ್ಮ?" ಅಂತಾರೆ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟೋದು ಸಹಜ. ಆದರೂ ಅವರಿಗೆ ಅನುಮಾನ ಬರೋದಂತೂ ನಿಜ, ಅದಕ್ಕೆ ಉತ್ತರ ಕೊಡಬೇಕು. ತಲೆಬರಹಕ್ಕೆ 30 ಅಕ್ಷರದ ಮಿತಿ. "ನಿಮ್ಮೆದುರೇ ಗಾಣ ಆಡಿಸಿಕೊಡ್ತೀವಿ" ಅಂತ ಹಾಕಿದೆ. ಕೆಳಗೆ, "ನಿಮ್ಮ ಕೊಬ್ಬರಿ ತಂದರೂ ಸರಿ". ಆ ವಾರವೇ ಕ್ಯಾತ್ಸಂದ್ರದಿಂದ ಇಬ್ಬರು ಹೆಂಗಸರು ಮನೆ ಕೊಬ್ಬರಿಯ ಚೀಲ ತಂದು, ಎಣ್ಣೆ ಇಳಿಯೋವರೆಗೂ ಗಾಣದ ಪಕ್ಕದಲ್ಲೇ ಕೂತಿದ್ದರು.

ಗಲ್ಲಾದಲ್ಲಿ ಒಂದು ನೋಟ್‌ಬುಕ್ ಇದೆ. ಹೊಸಬರು ಬಂದರೆ "ಎಲ್ಲಿ ನೋಡಿ ಬಂದ್ರಿ?" ಅಂತ ಕೇಳಿ ಬರೆದುಕೊಳ್ಳುತ್ತೇನೆ. ಕ್ಲಿಕ್ಕಿನ ಲೆಕ್ಕಕ್ಕಿಂತ ನನಗೆ ಆ ಪುಸ್ತಕದ ಮೇಲೇ ನಂಬಿಕೆ.

ಈಗ ಪ್ರತಿ ಸೋಮವಾರ ರಿಪೋರ್ಟ್ ನೋಡುತ್ತೇನೆ. ಒಮ್ಮೆ "ಕಡಲೆಕಾಯಿ ಹಿಂಡಿ" ಅಂತ ಕಂಡಿತು. ಇದೂ ನಮ್ಮದಲ್ಲ ಅಂತ ತೆಗೆಯೋಕೆ ಹೋಗಿ ಕೈ ತಡೆದೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ನಮ್ಮಲ್ಲಿ ದಿನಾ ಬೀಳುತ್ತೆ, ಹಿಂದಿನ ಕೋಣೆಯಲ್ಲಿ ಮೂಟೆಗಳೇ ಇದ್ದವು. ಅದಕ್ಕೇ ಬೇರೆ ಜಾಹೀರಾತು ಮಾಡಿದೆ. ಹಸು ಕಟ್ಟಿರುವವರು ಈಗ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ನೇರ ನಮ್ಮ ಅಂಗಡಿಗೆ ಬರುತ್ತಾರೆ.