ಜರ್ಮನಿಯಿಂದ ಆಫರ್ ಬಂದಾಗ ಎರಡು ಊರಿನ ಬದುಕನ್ನು ಹೋಲಿಸಿ ನೋಡುವುದು ಹೇಗೆ

ಆಫರ್ ಲೆಟರ್ ಬಂದ ದಿನ ಎಲ್ಲರೂ ಮಾಡುವ ಮೊದಲ ಕೆಲಸ ಒಂದೇ. ಮೊಬೈಲ್ ತೆಗೆದು ವರ್ಷದ ಸಂಬಳವನ್ನು ಯೂರೋ ದರದಿಂದ ಗುಣಿಸುವುದು. 60,000 ಯೂರೋ ಅಂದರೆ ಅರ್ಧ ಕೋಟಿ ರೂಪಾಯಿ ದಾಟುತ್ತದೆ. ಮನೆಯಲ್ಲಿ ಹೇಳುತ್ತೀರಿ, ಅವರು ನೆಂಟರಿಗೆಲ್ಲ ಹೇಳುತ್ತಾರೆ, ಅಲ್ಲಿಗೆ ಹೊರಡುವುದು ಗಟ್ಟಿಯಾಗಿಬಿಡುತ್ತದೆ. ಆದರೆ ಆ ದುಡ್ಡು ಖರ್ಚಾಗುವುದು ಯೂರೋದಲ್ಲೇ, ಅಲ್ವಾ? ಹಾಗಾಗಿ ಆ ಗುಣಾಕಾರವನ್ನು ಬಿಟ್ಟು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಬೆಂಗಳೂರಿನ ಒಂದು ತಿಂಗಳು, ಬಲಗಡೆ ಮ್ಯೂನಿಕ್‌ನ ಒಂದು ತಿಂಗಳು. ನಾನು ಕಂಡ ಊರು ಅದು, ಅದಕ್ಕೇ ಅದರ ಉದಾಹರಣೆ ಕೊಡುತ್ತಿದ್ದೇನೆ. ಬೇರೆ ಊರಾದರೂ ದಾರಿ ಇದೇ.

ಮೊದಲು ಎಡಗಡೆ ಪುಟ. ನೆನಪಿನಿಂದ ಬರೆಯಬೇಡಿ, ಮೂರು ತಿಂಗಳ ಬ್ಯಾಂಕ್ ಮತ್ತು ಯುಪಿಐ ಲೆಕ್ಕ ತೆಗೆದು ನೋಡಿ ಬರೆಯಿರಿ. ಆಮೇಲೆ, ಇದು ಬಹಳ ಮುಖ್ಯ, ದುಡ್ಡಿನ ಲೆಕ್ಕದಲ್ಲಿ ಕಾಣದೇ ಇರುವುದನ್ನೂ ಬರೆಯಿರಿ. ಸಂಜೆ ಮಗುವನ್ನು ನೋಡಿಕೊಳ್ಳುವ ಅಮ್ಮ, ಪಾತ್ರೆ ತೊಳೆದು ನೆಲ ಒರೆಸಿ ಹೋಗುವವರು, ಬೀದಿ ತುದಿಯ ಇಸ್ತ್ರಿ ಅಂಗಡಿ, ಒಂದು ಫೋನ್ ಮಾಡಿದರೆ ಬರುವ ಪ್ಲಂಬರ್, ಗ್ಯಾಸ್ ಸಿಲಿಂಡರನ್ನು ಒಳಗೆ ತಂದಿಡುವ ಹುಡುಗ. ಇವರಲ್ಲಿ ಒಬ್ಬೊಬ್ಬರ ಮುಂದೆಯೂ ವಾರಕ್ಕೆ ಎಷ್ಟು ಗಂಟೆ ಅಂತ ಹಾಕಿ. ಜರ್ಮನಿಗೆ ಹೋದ ಮೇಲೆ ಆ ಗಂಟೆಗಳು ಒಂದೋ ನಿಮ್ಮ ಜೇಬಿನಿಂದ ಹೋಗುತ್ತವೆ, ಇಲ್ಲ ನಿಮ್ಮ ಸಂಜೆಯಿಂದ ಹೋಗುತ್ತವೆ. ನಮ್ಮ ಮನೆಯಲ್ಲಿ ಹೀಗೆ ಕೂಡಿಸಿದಾಗ ವಾರಕ್ಕೆ 22 ಗಂಟೆ ಬಂತು. ಅಷ್ಟು ಕೆಲಸ ಯಾರೋ ನಮಗಾಗಿ ಮಾಡುತ್ತಿದ್ದರು ಅಂತ ಅಲ್ಲಿಯವರೆಗೆ ನಮಗೆ ಗೊತ್ತೇ ಇರಲಿಲ್ಲ.

ಈಗ ಬಲಗಡೆ ಪುಟ. ಆಫರಿನಲ್ಲಿರುವುದು ಬ್ರುಟ್ಟೊ, ಅಂದರೆ ಕಡಿತಕ್ಕೆ ಮುಂಚಿನ ಸಂಬಳ. ಕಡಿತ ಕಳೆದು ಕೈಗೆ ಬರುವುದು ನೆಟ್ಟೊ. ಇದನ್ನು ಲೆಕ್ಕ ಹಾಕುವ ಜರ್ಮನ್ ವೆಬ್‌ಸೈಟುಗಳು ಬೇಕಾದಷ್ಟಿವೆ, ಬ್ರುಟ್ಟೊ ನೆಟ್ಟೊ ರೆಷ್ನರ್ (Brutto Netto Rechner) ಅಂತ ಹುಡುಕಿದರೆ ಸಿಗುತ್ತವೆ. 2025ರ ದರದಲ್ಲಿ 60,000ಕ್ಕೆ ಒಂಟಿಯಾಗಿರುವವರಿಗೆ, ಅಂದರೆ ಟ್ಯಾಕ್ಸ್ ಕ್ಲಾಸ್ ಒಂದರಲ್ಲಿ, ತಿಂಗಳಿಗೆ ಸುಮಾರು 3,100 ಯೂರೋ ಕೈಗೆ ಬರುತ್ತದೆ. ಮದುವೆಯಾಗಿ, ಇನ್ನೊಬ್ಬರಿಗೆ ಸಂಬಳ ಇಲ್ಲದೆ ಕ್ಲಾಸ್ ಮೂರು ತೆಗೆದುಕೊಂಡರೆ 3,500ರ ಆಸುಪಾಸು. ಕಡಿತ ಆಗುವುದೆಲ್ಲ ತೆರಿಗೆಯಲ್ಲ. 9.3 ಪರ್ಸೆಂಟ್ ಪಿಂಚಣಿಗೆ, ಅಷ್ಟೇ ಮೊತ್ತವನ್ನು ಕಂಪನಿಯೂ ಹಾಕುತ್ತದೆ. ಉಳಿದದ್ದು ಆರೋಗ್ಯ ವಿಮೆಗೆ, ನಿರುದ್ಯೋಗ ವಿಮೆಗೆ, ಮುಪ್ಪಿನಲ್ಲಿ ಆರೈಕೆ ಮಾಡುವ ವಿಮೆಗೆ. ಇದರ ಪಕ್ಕದಲ್ಲೇ ಬರುವ ದುಡ್ಡನ್ನೂ ಬರೆಯಿರಿ: ಒಂದು ಮಗುವಿಗೆ ತಿಂಗಳಿಗೆ 255 ಯೂರೋ ಕಿಂಡರ್‌ಗೆಲ್ಡ್, ಅಂದರೆ ಸರ್ಕಾರ ಕೊಡುವ ಮಕ್ಕಳ ಭತ್ಯೆ, ಇದು 2025ರ ಲೆಕ್ಕ. ಇನ್ನೊಂದು ಸಣ್ಣ ವಿಷಯ. ಜರ್ಮನಿಗೆ ಹೋಗಿ ವಿಳಾಸ ನೋಂದಾಯಿಸುವಾಗ ಧರ್ಮ ಯಾವುದು ಅಂತ ಕೇಳುತ್ತಾರೆ. ಚರ್ಚಿನ ಸದಸ್ಯರಿಗೆ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಆದಾಯ ತೆರಿಗೆಯ ಮೇಲೆ 8 ಪರ್ಸೆಂಟ್ ಚರ್ಚ್ ತೆರಿಗೆ ಬೀಳುತ್ತದೆ, ಹಾಗಾಗಿ ಆ ಕಾಲಂ ನೋಡಿಕೊಂಡು ತುಂಬಿ.

ಬಾಡಿಗೆಯಲ್ಲೇ ಜಾಸ್ತಿ ಜನ ಎಡವುವುದು. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಕಾಲ್ಟ್‌ಮೀಟೆ, ಬರೀ ಮನೆಯ ಬಾಡಿಗೆ. ಹೀಟಿಂಗ್, ನೀರು, ಕಸ ಎಲ್ಲ ಸೇರಿದರೆ ವಾರ್ಮ್‌ಮೀಟೆ. ಹೋಲಿಸಬೇಕಾದ್ದು ಅದನ್ನು. ಕರೆಂಟ್ ಮತ್ತು ಇಂಟರ್ನೆಟ್ ಸಾಮಾನ್ಯವಾಗಿ ಅದರ ಮೇಲೆ ಬೇರೆ. ರೇಡಿಯೋ, ಟಿವಿ ಶುಲ್ಕ ಅಂತ ಮನೆಗೆ ತಿಂಗಳಿಗೆ 18.36 ಯೂರೋ ಬೇರೆ, ಟಿವಿ ಇಲ್ಲದಿದ್ದರೂ ಕಟ್ಟಬೇಕು. ರೂಮಿನ ಎಣಿಕೆಯೂ ಬೇರೆ. ಅಲ್ಲಿ ಹಾಲನ್ನೂ ಒಂದು ರೂಮು ಅಂತ ಎಣಿಸುತ್ತಾರೆ, ಮೂರು ರೂಮಿನ ಮನೆ ಅಂದರೆ ನಮ್ಮ ಟೂ ಬಿಎಚ್‌ಕೆ. ಚದರ ಮೀಟರನ್ನು 10.76ರಿಂದ ಗುಣಿಸಿದರೆ ಚದರ ಅಡಿ ಬರುತ್ತದೆ. ಮ್ಯೂನಿಕ್‌ನಲ್ಲಿ ಹೊಸದಾಗಿ ಬಾಡಿಗೆಗೆ ಬರುವ ಮನೆಗಳು ಚದರ ಮೀಟರಿಗೆ 20 ಯೂರೋ ದಾಟಿವೆ. ಅಂದರೆ 75 ಮೀಟರಿನ, ಸುಮಾರು 800 ಅಡಿಯ ಮನೆಗೆ ಎಲ್ಲ ಸೇರಿ ಕೈಗೆ ಬರುವ ಸಂಬಳದ ಅರ್ಧ ಹೋಗುತ್ತದೆ. ಅಡ್ವಾನ್ಸ್ ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಟ್ಟಿದವರಿಗೆ ಇದು ಸಮಾಧಾನದ ಮಾತು. ಆದರೆ ನಾವು ನೋಡಿದ ಮೊದಲ ಮನೆಯ ಅಡುಗೆಕೋಣೆಯಲ್ಲಿ ಗೋಡೆಯಿಂದ ಹೊರಬಂದ ಎರಡು ಪೈಪು ಬಿಟ್ಟರೆ ಏನೂ ಇರಲಿಲ್ಲ. ಸಿಂಕ್ ಇಲ್ಲ, ಒಲೆ ಇಲ್ಲ, ಕಟ್ಟೆಯೂ ಇಲ್ಲ. ಅಲ್ಲಿ ಅದು ಮಾಮೂಲಿ. ಅಡುಗೆಮನೆ ಹಾಕಿಸುವ ಖರ್ಚು ಸಾವಿರಾರು ಯೂರೋ ಬರುತ್ತದೆ, ಮೊದಲ ವರ್ಷದ ಲೆಕ್ಕದಲ್ಲಿ ಅದಕ್ಕೊಂದು ಸಾಲು ಇಡಿ.

ದಿನಸಿಗೆ ಊರೂರಿನ ಬೆಲೆ ತೋರಿಸುವ ನಂಬಿಯೋ (Numbeo) ಥರದ ವೆಬ್‌ಸೈಟ್ ನೋಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಆ ಬೆಲೆಗಳನ್ನು ಹಾಕುವವರು ನಮ್ಮ ನಿಮ್ಮಂಥ ಓದುಗರು, ಆ ಬುಟ್ಟಿಯಲ್ಲಿರುವುದು ನಿಮ್ಮ ಮನೆಯ ಊಟವೂ ಅಲ್ಲ. ದೇಶ ದೇಶಗಳನ್ನು ಹೋಲಿಸುವ ಪಟ್ಟಿಗಳೂ ಅಷ್ಟೇ. ಆರೋಗ್ಯ, ಓದು, ಆದಾಯ ಅಳೆಯುವ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಜರ್ಮನಿ 5ನೇ ಜಾಗದಲ್ಲಿದೆ, ಭಾರತ 130ರಲ್ಲಿ. ಇದು 2023ರ ಅಂಕಿ. ಅಂಕಿ ಸರಿಯೇ. ಆದರೆ ಅದು ಇಡೀ ದೇಶದ ಸರಾಸರಿ. ಬೀದರಿನ ಹಳ್ಳಿಯೂ ಅದರಲ್ಲಿದೆ, ಜಯನಗರದ ಸ್ವಂತ ಮನೆಯೂ ಅದರಲ್ಲಿದೆ. ನಿಮ್ಮ ಮನೆ ಯಾವ ಕಡೆ ಇದೆ ಅಂತ ಸೂಚ್ಯಂಕಕ್ಕೆ ತಿಳಿಯುವುದಿಲ್ಲ. ಅದಕ್ಕೇ ಜರ್ಮನಿಯ ಒಂದು ಸೂಪರ್‌ಮಾರ್ಕೆಟ್ಟಿನ ಆನ್‌ಲೈನ್ ಅಂಗಡಿ, ಒಂದು ಇಂಡಿಯನ್ ಅಂಗಡಿ ಎರಡನ್ನೂ ತೆರೆದು, ನಿಮ್ಮದೇ ತಿಂಗಳ ಸಾಮಾನಿನ ಚೀಟಿ ಇಟ್ಟುಕೊಂಡು ಬೆಲೆ ಹಾಕಿ. ಆಗ ಒಂದು ವಿಷಯ ತಾನಾಗಿ ಕಾಣುತ್ತದೆ. ವಸ್ತು ಹೆದರಿದಷ್ಟು ದುಬಾರಿ ಇಲ್ಲ. ಹಾಲು, ಬ್ರೆಡ್, ಮೊಸರು, ಸೇಬು ಸಂಬಳಕ್ಕೆ ಹೋಲಿಸಿದರೆ ಅಗ್ಗವೇ. ಮನುಷ್ಯನ ಕೈ ತಾಗಿದ ಕೂಡಲೇ ಬೆಲೆ ಏರುತ್ತದೆ: ಕಟಿಂಗ್, ಪ್ಲಂಬರ್, ಬೀಗ ತೆಗೆಯುವವನು, ಹೋಟೆಲಿನ ಒಂದು ಮಸಾಲೆ ದೋಸೆ.

ಒಳ್ಳೆಯ ತಿಂಗಳನ್ನು ಹೋಲಿಸಿದ ಮೇಲೆ ಒಂದು ಕೆಟ್ಟ ತಿಂಗಳನ್ನೂ ಹೋಲಿಸಿ. ಕಾಯಿಲೆ ಬಿದ್ದರೆ ಏನು, ಕೆಲಸ ಹೋದರೆ ಏನು? ಇಲ್ಲಿ ಜರ್ಮನಿಯ ಪುಟ ನಿಜಕ್ಕೂ ತೂಕವಾಗುತ್ತದೆ. ಕಾಯಿಲೆ ಬಿದ್ದರೆ ಆರು ವಾರ ಪೂರ್ತಿ ಸಂಬಳ ಕಂಪನಿ ಕೊಡಬೇಕು, ಆಮೇಲೆ ವಿಮೆಯವರು ಒಂದು ಭಾಗ ಕೊಡುತ್ತಾರೆ. ಸರ್ಕಾರಿ ವಿಮೆಯಲ್ಲಿ ಸಂಬಳ ಇಲ್ಲದ ಗಂಡ ಅಥವಾ ಹೆಂಡತಿ, ಮಕ್ಕಳು ಹೆಚ್ಚಿನ ಕಂತಿಲ್ಲದೆ ಸೇರುತ್ತಾರೆ. ಒಂದು ವರ್ಷ ಕಂತು ಕಟ್ಟಿ ಕೆಲಸ ಕಳೆದುಕೊಂಡರೆ ನೆಟ್ಟೊ ಸಂಬಳದ 60 ಪರ್ಸೆಂಟ್, ಮಕ್ಕಳಿದ್ದರೆ 67 ಪರ್ಸೆಂಟ್ ಭತ್ಯೆ ಬರುತ್ತದೆ. ಆದರೆ ಮೊದಲ ವರ್ಷಗಳಲ್ಲಿ ವೀಸಾ ಕೆಲಸಕ್ಕೆ ಅಂಟಿಕೊಂಡಿರುತ್ತದೆ, ಅದನ್ನು ಮರೆಯಬೇಡಿ. ಆಸ್ಪತ್ರೆಯ ಮಟ್ಟಿಗೆ ಅಭ್ಯಾಸವೇ ಬದಲಾಗಬೇಕು. ಬೆಂಗಳೂರಿನಲ್ಲಿ ಸಂಜೆ ಏಳಕ್ಕೆ ಚರ್ಮದ ಡಾಕ್ಟರ ಬಳಿ ನಡೆದುಕೊಂಡು ಹೋಗಿ ಟೋಕನ್ ತೆಗೆದುಕೊಳ್ಳಬಹುದು. ಅಲ್ಲಿ ತಜ್ಞರ ಅಪಾಯಿಂಟ್‌ಮೆಂಟಿಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ತುರ್ತಾದರೆ 112, ಕ್ಲಿನಿಕ್ ಮುಚ್ಚಿರುವ ಹೊತ್ತಿನಲ್ಲಿ ಸಣ್ಣಪುಟ್ಟದಕ್ಕೆ 116117.

ಬೆಳಕನ್ನೂ ಬರೆಯಿರಿ, ಸುಮ್ನೆ ಹೇಳುತ್ತಿಲ್ಲ. ಡಿಸೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ಸಂಜೆ ನಾಲ್ಕೂ ಕಾಲು, ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಜೂನಿನಲ್ಲಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಹೋಗಿ ನೋಡಿ ಬರುವ ಅವಕಾಶ ಸಿಕ್ಕರೆ ಜೂನಿನಲ್ಲಿ ಹೋಗಬೇಡಿ, ನವೆಂಬರಿನಲ್ಲಿ ಹೋಗಿ, ಒಂದು ಭಾನುವಾರ ಅಲ್ಲೇ ಉಳಿಯಿರಿ.

ಮಕ್ಕಳಿದ್ದರೆ ಅವರ ವಯಸ್ಸು ನೋಡಿ ಲೆಕ್ಕ ಮಾಡಿ. ಒಂದು ವರ್ಷ ತುಂಬಿದ ಮಗುವಿಗೆ ಡೇಕೇರ್ ಜಾಗ ಸಿಗುವುದು 2013ರಿಂದ ಕಾನೂನಿನ ಹಕ್ಕು. ಆದರೂ ದೊಡ್ಡ ಊರುಗಳಲ್ಲಿ ಜಾಗಕ್ಕೆ ಕಾಯಬೇಕಾಗುತ್ತದೆ. ಸರ್ಕಾರಿ ಶಾಲೆಗೆ ಫೀಸಿಲ್ಲ, ಮತ್ತು ಅದು ಒಳ್ಳೆಯ ಶಾಲೆ. ಆದರೆ ಬವೇರಿಯಾದಲ್ಲಿ ನಾಲ್ಕನೇ ಕ್ಲಾಸಿನ ನಂತರ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಕಳಿಸುತ್ತಾರೆ. ಮಗುವಿಗೆ ಒಂಬತ್ತು ವರ್ಷವಾಗಿದ್ದಾಗ ಹೋದರೆ ಜರ್ಮನ್ ಕಲಿಯುವುದಕ್ಕೂ ಈ ಆಯ್ಕೆಗೂ ಒಂದೇ ವರ್ಷ ಸಿಗುತ್ತದೆ. ನಾಲ್ಕು ವರ್ಷದ ಮಗುವಿಗೆ ಆ ಒತ್ತಡ ಇಲ್ಲ.

ಊರಿನ ಕಡೆಯ ಲೆಕ್ಕವನ್ನೂ ಬಿಡಬೇಡಿ. ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ಭೇಟಿ ವೀಸಾದಲ್ಲಿ ಅಪ್ಪ ಅಮ್ಮ 180 ದಿನದಲ್ಲಿ 90 ದಿನ ಮಾತ್ರ ಇರಬಹುದು, ಅದಕ್ಕೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಬೇಕು. ಇಲ್ಲಿನ ಎಫ್‌ಡಿ ಬಡ್ಡಿಯನ್ನು ಅಲ್ಲಿನ ತೆರಿಗೆ ಲೆಕ್ಕದಲ್ಲಿ ತೋರಿಸಬೇಕು. ತೋಟ ತೆಗೆದುಕೊಳ್ಳುವ ಆಸೆ ಇರುವವರು ಇದನ್ನು ಗಮನಿಸಿ: 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಎನ್‌ಆರ್‌ಐ ಆದ ಮೇಲೆ ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮ ಅಡ್ಡ ಬರುತ್ತದೆ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು, ಹೊಸದಾಗಿ ಕೊಳ್ಳುವಂತಿಲ್ಲ.

ಕೊನೆಯದಾಗಿ, ಸಂಗಾತಿ. ಆಫರ್ ಇರುವವರಿಗೆ ಆಫೀಸು ಇರುತ್ತದೆ, ಇಂಗ್ಲಿಷ್ ನಡೆಯುತ್ತದೆ, ಊಟಕ್ಕೆ ಜೊತೆ ಸಿಗುತ್ತಾರೆ. ಜೊತೆಗೆ ಹೋಗುವವರು ಡೇಕೇರ್, ಡಾಕ್ಟರ್, ಮನೆ ಮಾಲೀಕ, ಪಕ್ಕದ ಮನೆ ಎಲ್ಲರ ಹತ್ತಿರ ಜರ್ಮನ್‌ನಲ್ಲಿ ವ್ಯವಹರಿಸಬೇಕು. ಬೆಂಗಳೂರಿನ ಕೆಲಸ ಬಿಟ್ಟು ಹೋದರೆ ಆ ಸಂಬಳವನ್ನೂ ಎಡಗಡೆ ಪುಟದಲ್ಲಿ ಬರೆಯಬೇಕು, ಅದನ್ನು ಬರೆಯದೆ ಮಾಡಿದ ಲೆಕ್ಕ ಸುಳ್ಳು. ಜರ್ಮನ್ ಕಲಿಸುವ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಇಬ್ಬರೂ ಎ1, ಅಂದರೆ ಮೊದಲ ಹಂತದ ಕ್ಲಾಸಿಗೆ ಸೇರಿ, ಹೊರಡುವ ಮುಂಚೆಯೇ. ಮತ್ತು ಈ ನೋಟ್‌ಬುಕ್ಕನ್ನು ಒಬ್ಬರೇ ತುಂಬಬೇಡಿ. ಇಬ್ಬರೂ ಬೇರೆ ಬೇರೆ ಕೂತು, ಒಬ್ಬರದನ್ನು ಇನ್ನೊಬ್ಬರು ನೋಡದೆ ಎರಡೂ ಪುಟ ತುಂಬಿ. ಆಮೇಲೆ ಮೇಜಿನ ಮೇಲಿಟ್ಟು, ಆಫರ್ ಇಲ್ಲದವರ ಪುಟವನ್ನು ಮೊದಲು ಓದಿ.