ಪೌಡರ್ ಹಚ್ಚಿ ಆಯಿಲ್ ಸೋರಿಕೆ ಹಿಡಿದ ನನ್ನ ಅನುಭವ

ಕಲಬುರಗಿಯಲ್ಲಿ ಹಳೆಯ ಕಾರುಗಳನ್ನು ಕೊಂಡು, ರಿಪೇರಿ ಮಾಡಿಸಿ ಮಾರುವ ಕೆಲಸವನ್ನು ನಾನು ಸುಮಾರು 9 ವರ್ಷಗಳಿಂದ ಮಾಡುತ್ತಿದ್ದೇನೆ. ಸೋರಿಕೆ ಹುಡುಕಲು ಮಕ್ಕಳ ಪೌಡರ್ ಹಿಡಿದುಕೊಂಡು ಹೋಗಲು ಆರಂಭಿಸಿದಾಗ ರಿಂಗ್ ರಸ್ತೆಯ ಹಿರಿಯ ಮಿಸ್ತ್ರಿಯೊಬ್ಬರು, “ಏನ್ರಿ ಅಣ್ಣಾರ, ಗಾಡಿಗಿ ಪೌಡರ್ ಹಚ್ಚಿ ಮದಿವಿ ಮಾಡ್ತೀರೇನು?” ಎಂದು ಎಲ್ಲರ ಮುಂದೆಯೇ ಕೇಳಿದ್ದರು. ಕಳೆದ ವರ್ಷ ಬೀದರ್‌ನ ಒಂದು ಕಾರಿನ ವಿಷಯದಲ್ಲಿ ಇದೇ ಪೌಡರ್ ಸರಿಯೆಂದು ಸಾಬೀತಾದ ಮೇಲೆ ಅದನ್ನು ಬರೆದಿಡಬೇಕೆನಿಸಿತು.

ಮೊದಲು ಕಳೆದುಕೊಂಡ ಹಣದ ಲೆಕ್ಕ. ಎರಡನೆಯ ವರ್ಷದಲ್ಲಿ ಹೈದರಾಬಾದ್ ಕಡೆಯಿಂದ ಬಂದ ಡೀಸೆಲ್ ಹ್ಯಾಚ್‌ಬ್ಯಾಕ್ ಒಂದನ್ನು, ಬಾನೆಟ್ ಎತ್ತಿದಾಗ ಎಂಜಿನ್ ಥಳಥಳ ಹೊಳೆಯುತ್ತಿದ್ದುದನ್ನು ನೋಡಿಯೇ ಕೊಂಡೆ. ನಮ್ಮ ಭಾಗದ ಬೇಸಿಗೆಯ ಧೂಳಿನಲ್ಲಿ ಓಡುವ ಗಾಡಿಯ ಎಂಜಿನ್ ಹಾಗೆ ಹೊಳೆಯುತ್ತಿದ್ದರೆ ಯಾರೋ ಹಿಂದಿನ ದಿನವಷ್ಟೇ ತೊಳೆದಿದ್ದಾರೆಂದು ಆಗ ನನಗೆ ಹೊಳೆಯಲಿಲ್ಲ. 15 ದಿನಗಳಲ್ಲಿ ಅಂಗಳದ ಶಹಾಬಾದ್ ಪರಸಿಯ ಮೇಲೆ ಅಂಗೈ ಅಗಲದ ಕಪ್ಪು ಕಲೆ ಬಿದ್ದಿತು. ಹಿಂದಿನ ಕ್ರ್ಯಾಂಕ್ ಸೀಲ್, ಅಂದರೆ ಎಂಜಿನ್ ಗೇರ್‌ಬಾಕ್ಸಿಗೆ ಕೂಡುವ ಕಡೆ ಎಣ್ಣೆ ಹೊರಬರದಂತೆ ತಡೆಯುವ ಬಳೆ, ಹೋಗಿತ್ತು. ಸೀಲಿಗೆ ಐದಾರು ನೂರು ರೂಪಾಯಿ ಇರಬಹುದು. ಆದರೆ ಗೇರ್‌ಬಾಕ್ಸ್ ಇಳಿಸಿದ ಕೂಲಿ, ಎಣ್ಣೆ ಕುಡಿದಿದ್ದ ಕ್ಲಚ್ ಪ್ಲೇಟು, ಹೊಸ ಆಯಿಲ್ ಎಲ್ಲ ಸೇರಿ ಹತ್ತಿರ ಹತ್ತಿರ 13 ಸಾವಿರ ರೂಪಾಯಿ ಕೈಬಿಟ್ಟಿತು.

ಅದಾದ ಮೇಲೆ ಗಾಡಿಯ ಕೆಳಗೆ ರಾತ್ರಿಯಿಡೀ ದಿನಪತ್ರಿಕೆ ಹಾಸಿ ನೋಡುವ ಪದ್ಧತಿ ಹಿಡಿದೆ. ಅದೂ ಕೈಕೊಟ್ಟಿತು. ಎಂಜಿನ್ ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಸೋರುವ ಗಾಡಿ ನಿಂತಲ್ಲಿ ಒಂದು ಹನಿಯನ್ನೂ ಬಿಡುವುದಿಲ್ಲ. ಕೆಲವರು ಮಾರುವ ಮುನ್ನ ಗಟ್ಟಿಯಾದ ಆಯಿಲ್ ತುಂಬಿಸಿರುತ್ತಾರೆ. ಕೆಳಗೆ ಪ್ಲಾಸ್ಟಿಕ್ ಶೀಲ್ಡ್ ಇದ್ದರೆ ಸೋರಿದ್ದೆಲ್ಲ ಅದರಲ್ಲೇ ನಿಲ್ಲುತ್ತದೆ. ಆದರೂ ಪತ್ರಿಕೆಯಿಂದ ಒಂದು ಪ್ರಯೋಜನವಾಯಿತು. ಬಿದ್ದ ಹನಿಯ ಮೇಲೆ ಕಾಗದವನ್ನು ಒತ್ತಿ ಅರ್ಧ ಗಂಟೆ ಬಿಸಿಲಿಗಿಟ್ಟರೆ ಎಸಿಯ ನೀರು ಆರಿಹೋಗುತ್ತದೆ, ಎಣ್ಣೆಯಾದರೆ ಬೆಳಕಿಗೆ ಹಿಡಿದಾಗ ಅಕ್ಷರಗಳ ಹಿಂದೆ ಪಾರದರ್ಶಕ ಕಲೆ ಉಳಿಯುತ್ತದೆ. ಇದನ್ನು ಮೊದಲೇ ಮಾಡಿದ್ದರೆ ಸೇಡಂನಲ್ಲಿ ಎಸಿ ನೀರನ್ನು ನೋಡಿ ಬಿಟ್ಟು ಬಂದ ಒಳ್ಳೆಯ ಗಾಡಿಯೊಂದು ಕೈತಪ್ಪುತ್ತಿರಲಿಲ್ಲ.

ನಡುವೆ ಆಯಿಲಿಗೆ ಬೆರೆಸುವ ಹೊಳೆಯುವ ಬಣ್ಣವನ್ನೂ ನೇರಳೆ ಬೆಳಕಿನ ಟಾರ್ಚನ್ನೂ ಸುಮಾರು 1,100 ರೂಪಾಯಿ ಕೊಟ್ಟು ತರಿಸಿದೆ. ನನ್ನ ಸ್ವಂತ ಗಾಡಿಯಲ್ಲಿ ಸೋರಿಕೆ ಹಳದಿ ಹಸಿರಾಗಿ ಚೆನ್ನಾಗಿಯೇ ಕಂಡಿತು. ಆದರೆ ಇನ್ನೂ ಮುಂಗಡವನ್ನೂ ಕೊಡದ ವ್ಯಕ್ತಿಗೆ ತನ್ನ ಎಂಜಿನ್ನಿನೊಳಗೆ ಬಣ್ಣ ಸುರಿಯಲು ಯಾವ ಮಾಲೀಕ ಒಪ್ಪುತ್ತಾನೆ? ಆ ಟಾರ್ಚ್ ಈಗ ಎಸಿ ಗ್ಯಾಸಿನ ಕೆಲಸಕ್ಕೆ ಹೋಗುತ್ತಿದೆ.

ಬೀದರ್‌ನ ಗಾಡಿ ಪೆಟ್ರೋಲ್ ಸೆಡಾನ್, 2014ರ ಮಾಡೆಲ್, ಕೆಎ 38 ನಂಬರ್. ಕೇಳಿದ ಬೆಲೆ 3 ಲಕ್ಷ 40 ಸಾವಿರ. ಗೇರ್‌ಬಾಕ್ಸ್ ಕೂಡುವ ಜಾಗದ ಕೆಳಗೆ ಎಣ್ಣೆಯೂ ಧೂಳೂ ಸೇರಿ ಮೆತ್ತಿದ ಕೆಸರು ಬೆರಳು ದಪ್ಪವಿತ್ತು. ನನಗಿಂತ ಮೊದಲು ನೋಡಿದವರೆಲ್ಲ ಹಿಂದಿನ ಕ್ರ್ಯಾಂಕ್ ಸೀಲ್ ಎಂದು ಹೇಳಿ ಹೊರಟುಹೋಗಿದ್ದರು, ನನ್ನ ಜೊತೆ ಬಂದಿದ್ದ ಮಿಸ್ತ್ರಿಯೂ ಅದನ್ನೇ ಹೇಳಿದರು. ಎಣ್ಣೆ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಕೆಸರು ಮೆತ್ತಿದ ಜಾಗ ಸೋರಿಕೆಯ ಜಾಗವೇ ಆಗಿರಬೇಕೆಂದಿಲ್ಲವೆಂದು ನಾನು ಪಟ್ಟುಹಿಡಿದೆ.

ವಾಷಿಂಗ್ ಸೆಂಟರ್‌ನ ರ್ಯಾಂಪಿಗೆ 150 ರೂಪಾಯಿ ಕೊಟ್ಟು ಶೀಲ್ಡ್ ಬಿಚ್ಚಿಸಿದೆ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ, ಏಕೆಂದರೆ ಜಿಡ್ಡು ತೆಗೆಯುವ ಬ್ರೇಕ್ ಕ್ಲೀನರ್ ಸ್ಪ್ರೇ ಬಿಸಿ ಸೈಲೆನ್ಸರ್ ಪೈಪಿಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಎಂಜಿನ್ನಿನ ಮೇಲಿನ ಮುಚ್ಚಳವಾದ ಟ್ಯಾಪಿಟ್ ಕವರಿನ ಅಂಚು, ಆಯಿಲ್ ಪ್ರೆಶರ್ ಸ್ವಿಚ್, ಫಿಲ್ಟರಿನ ಬುಡ, ಕೆಳಗಿನ ಆಯಿಲ್ ಚೇಂಬರಿನ ಜೋಡಣೆ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗಗಳನ್ನು ಆ ಕ್ಲೀನರ್‌ನಿಂದ ಒರೆಸಿ ಒಣಗಿಸಿದೆ. ಬೆಲ್ಟ್, ಆಲ್ಟರ್ನೇಟರ್, ಏರ್ ಫಿಲ್ಟರಿನ ಬಾಯಿ ಬಿಟ್ಟು ಉಳಿದೆಡೆ ಬ್ರಶ್ಶಿನಿಂದ ಪೌಡರ್ ಹಚ್ಚಿದೆ; ಎಣ್ಣೆ ಎಲ್ಲಿಂದ ಹೊರಟರೂ ಬಿಳಿ ಪೌಡರಿನ ಮೇಲೆ ಅದರ ಗೆರೆ ಕಾಣುತ್ತದೆ. ಬರೀ ಪೌಡರ್ ಗಾಳಿಗೆ ಹಾರಿಹೋಗುತ್ತದೆ. ಅದು ನಿಲ್ಲಲು ನಾನು ಬೆರೆಸುವುದು ಏನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಸಿ ಹಾಕಿ, ಹುಮನಾಬಾದ್ ದಾರಿಯಲ್ಲಿ ಮುಕ್ಕಾಲು ಗಂಟೆ, ಸುಮಾರು 40 ಕಿಲೋಮೀಟರ್ ಓಡಿಸಿ ಮರಳಿದೆವು.

ಕನ್ನಡಿ ಹಿಡಿದು ನೋಡಿದಾಗ ಕ್ರ್ಯಾಂಕ್ ಸೀಲ್ ಸೋರಿದ್ದರೆ ಎಣ್ಣೆ ಇಳಿಯಬೇಕಿದ್ದ, ಗೇರ್‌ಬಾಕ್ಸ್ ಕೂಡುವ ಜಾಗದ ಕೆಳಗಿನ ಅಂಚು ಬೆಳ್ಳಗೇ ಇತ್ತು. ಟ್ಯಾಪಿಟ್ ಕವರಿನ ಗೇರ್‌ಬಾಕ್ಸ್ ಬದಿಯ ಮೂಲೆಯಲ್ಲಿ ಮಾತ್ರ ಬೆಂಕಿಕಡ್ಡಿಯಷ್ಟು ಅಗಲದ ಕಂದು ಗೆರೆ ಹುಟ್ಟಿ, ಎರಡು ಬೋಲ್ಟ್‌ಗಳ ನಡುವೆ ಹಾದು ಗೇರ್‌ಬಾಕ್ಸಿನ ನೆತ್ತಿಯ ಮೇಲೆ ಇಳಿದಿತ್ತು. ಮಿಸ್ತ್ರಿ ಬೆರಳಿನಿಂದ ಆ ಗೆರೆಯನ್ನು ಮುಟ್ಟಿ, ಮೂಸಿ, ಸುಮ್ಮನಾದರು.

ನಾನು ಕಂಡದ್ದನ್ನು ಮಾಲೀಕರಿಗೂ ತೋರಿಸಿದೆ. ಆದರೂ ಆ ಮೊದಲೇ ಎಷ್ಟೋ ಜನ ತಿರಸ್ಕರಿಸಿ ಹೋಗಿದ್ದರಿಂದ ಬೇಸತ್ತಿದ್ದ ಅವರು 2 ಲಕ್ಷ 85 ಸಾವಿರಕ್ಕೆ ಒಪ್ಪಿದರು. ಟ್ಯಾಪಿಟ್ ಕವರಿನ ಸೋರಿಕೆ ತಡೆಯುವ ಪ್ಯಾಕಿಂಗ್ (ಗ್ಯಾಸ್ಕೆಟ್), ಕೂಲಿ ಸೇರಿ 1,200 ರೂಪಾಯಿ ಆಗಿರಬೇಕು. ಜೊತೆಗೆ ಎಂಜಿನ್ನಿನೊಳಗಿನ ಒತ್ತಡ ಇಳಿಸುವ ಪಿಸಿವಿ ವಾಲ್ವ್ ಕೂಡ ಬದಲಿಸಿದೆ, ಏಕೆಂದರೆ ಅದು ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡಕ್ಕೆ ಹೊಸ ಪ್ಯಾಕಿಂಗ್ ಕೂಡ ಬೇಗ ಸೋರುತ್ತದೆ. ನನ್ನ ತಮ್ಮನೇ ಈಗ ಆ ಗಾಡಿಯನ್ನು ಓಡಿಸುತ್ತಿದ್ದಾನೆ. 8 ಸಾವಿರ ಕಿಲೋಮೀಟರ್ ದಾಟಿದರೂ ಆ ಮೂಲೆ ಒಣಗಿಯೇ ಇದೆ.

ಡೀಸೆಲ್ ಗಾಡಿಯಲ್ಲಿ ಬಿಸಿ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಹತ್ತಿರ ಮಾತ್ರ ಈ ಉಪಾಯ ನಡೆಯುತ್ತಿಲ್ಲ. ಅಲ್ಲಿಯ ಕಾವಿಗೆ ಪೌಡರ್ ಪದರವಾಗಿ ಉದುರಿಬಿಡುತ್ತದೆ. ಸುಣ್ಣದ ತಿಳಿಯನ್ನು ಎರಡು ಬಾರಿ ಹಚ್ಚಿ ನೋಡಿದೆ, ಅದೂ ಬಿರುಕು ಬಿಟ್ಟಿತು. ಸದ್ಯ ಟರ್ಬೊಗೆ ಬರುವ ಆಯಿಲ್ ಪೈಪಿನ ಕೆಳತುದಿಗೆ ಬಿಳಿ ಹತ್ತಿ ಬಟ್ಟೆಯ ತುಂಡನ್ನು, ಬಿಸಿ ಭಾಗಕ್ಕೆ ತಾಗದಂತೆ ತಂತಿಯಿಂದ ಕಟ್ಟಿ, ಎಂಜಿನ್ನನ್ನು ನಿಂತಲ್ಲೇ ಹತ್ತು ನಿಮಿಷ ನಡೆಸಿ ನೋಡುತ್ತಿದ್ದೇನೆ; ಬಟ್ಟೆಯೊಡನೆ ಗಾಡಿಯನ್ನು ರಸ್ತೆಗೆ ಒಯ್ಯುವುದಿಲ್ಲ. ರಿಂಗ್ ರಸ್ತೆಯ ಆ ಮಿಸ್ತ್ರಿಯವರೇ ಹೋದ ವಾರ ಯಾದಗಿರಿಯ ಡೀಸೆಲ್ ಗಾಡಿಯೊಂದಕ್ಕೆ ನನ್ನನ್ನು ಕರೆಸಿಕೊಂಡಿದ್ದರು. ಪೌಡರಿನ ಡಬ್ಬಿಯನ್ನು ಅವರೇ ತಂದಿಟ್ಟಿದ್ದರು.